ಹೆದ್ದಾರಿ ಅಗಲಿಸುವ ಮುನ್ನ ಬಸ್ಸಿಗೊಂದು ಪಥ ಕೊಡಿ: ಸಾರಿಗೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಗರಕ್ಕೆ ಬಂದು ಸೇರುವ ಹೆದ್ದಾರಿಯನ್ನು ಮತ್ತಷ್ಟು ಅಗಲಗೊಳಿಸುವ ಕಡತ ನಿಮ್ಮ ಸಹಿಗಾಗಿ ಕಾಯುತ್ತಿದೆ. ದಿನವೂ ಕೆಲಸಕ್ಕೆ ಹೋಗಿ ಬರುವವರ ಬವಣೆ ನೀಗಿಸಲೆಂದೇ ಈ ಯೋಜನೆ ಎಂದು ನೀವು ಹೇಳಿದ್ದೀರಿ. ಹಾಗೆ ಹೋಗಿ ಬರುವವರಲ್ಲಿ ನಾನೂ ಒಬ್ಬಳು. ನಮ್ಮ ಹೆಸರಿನಲ್ಲಿ ಹಣ ಖರ್ಚಾಗುವುದಾದರೆ ನಮ್ಮ ಮಾತನ್ನೂ ಕೇಳಬೇಕಾಗುತ್ತದೆ. ದಯವಿಟ್ಟು ಸಹಿ ಹಾಕಬೇಡಿ. ಈಗಿರುವ ರಸ್ತೆಯಲ್ಲೇ ಎರಡೂ ಬದಿಗೆ ಒಂದೊಂದು ಪಥವನ್ನು ಬಸ್ಸಿಗೆ ಬಿಟ್ಟುಕೊಡಿ, ಅಗಲೀಕರಣಕ್ಕೆಂದು ತೆಗೆದಿಟ್ಟ ಹಣದಲ್ಲಿ ಬಸ್ ಓಡಿಸಿ.

ರಸ್ತೆ ಅಗಲವಾದರೆ ದಟ್ಟಣೆ ಕರಗುತ್ತದೆ ಎಂಬುದು ಮೇಲ್ನೋಟಕ್ಕೆ ಸಹಜವಾದ ಎಣಿಕೆ. ಅದು ಹುಸಿಯಾಗುತ್ತದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಬರೆದರು. ಹೊಸ ರಸ್ತೆಗಳು ಹೊಸ ವಾಹನ ಸಂಚಾರವನ್ನು ಹುಟ್ಟಿಸುತ್ತವೆಂದು ಬ್ರಿಟನ್ ಸರ್ಕಾರದ ಸಲಹಾ ಸಮಿತಿಯೇ 1994ರಲ್ಲಿ ಒಪ್ಪಿಕೊಂಡಿತು. 2011ರಲ್ಲಿ ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿಅಂಶಗಳನ್ನು ಜಾಲಾಡಿ, ಹೆದ್ದಾರಿಯ ಪಥಗಳು ಎಷ್ಟು ಪಾಲು ಹೆಚ್ಚುತ್ತವೆಯೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆಂದು ತೋರಿಸಿದರು.

ಇದರಲ್ಲಿ ಒಗಟೇನೂ ಇಲ್ಲ. ದಟ್ಟಣೆಗೆ ಹೆದರಿ ನಸುಕಿನಲ್ಲೇ ಹೊರಡುತ್ತಿದ್ದವರು ರಸ್ತೆ ತೆರವಾಯಿತೆಂದು ತಿಳಿದರೆ ಮತ್ತೆ ಎಂಟು ಗಂಟೆಗೇ ಹೊರಡುತ್ತಾರೆ. ಒಳದಾರಿ ಹಿಡಿಯುತ್ತಿದ್ದವರು ಹೆದ್ದಾರಿಗೆ ಮರಳುತ್ತಾರೆ. ಬಸ್ಸಿನಲ್ಲಿ ಹೋಗುತ್ತಿದ್ದವರಲ್ಲಿ ಕೊಳ್ಳಬಲ್ಲವರು ಕಾರು ಕೊಳ್ಳುತ್ತಾರೆ. ಇನ್ನೂ ದೂರದ ಹೊಲಗದ್ದೆಗಳು ನಿವೇಶನಗಳಾಗುತ್ತವೆ. ಅಲ್ಲಿ ಮನೆ ಮಾಡುವವರೆಲ್ಲ ಇದೇ ರಸ್ತೆಯನ್ನು ನಂಬಿ ಬಂದವರು. ಇವರಲ್ಲಿ ಯಾರದೂ ತಪ್ಪಿಲ್ಲ. ಸರ್ಕಾರ ಯಾವ ದಾರಿಯನ್ನು ಸಲೀಸು ಮಾಡಿತೋ ಆ ದಾರಿಯಲ್ಲಿ ಅವರು ನಡೆದಿದ್ದಾರೆ, ಅಷ್ಟೇ.

ಇದು ಎಲ್ಲಿಗೆ ಮುಟ್ಟುತ್ತದೆಂದು ಅಮೆರಿಕದ ಹ್ಯೂಸ್ಟನ್ ನಗರದ ಕೇಟಿ ಫ್ರೀವೇ ಎಂಬ ಹೆದ್ದಾರಿಯಲ್ಲಿ ನೋಡಬಹುದು. ಸುಮಾರು 280 ಕೋಟಿ ಡಾಲರ್ ಸುರಿದು ಅದನ್ನು ಅಗಲಗೊಳಿಸಿದರು. 2008ರಲ್ಲಿ ಕಾಮಗಾರಿ ಮುಗಿದಾಗ, ಅಕ್ಕಪಕ್ಕದ ರಸ್ತೆಗಳನ್ನೂ ಸೇರಿಸಿದರೆ ಕೆಲವೆಡೆ 26 ಪಥಗಳಾಗಿದ್ದವು. ಆದರೆ 2011ರಿಂದ 2014ರ ನಡುವೆ ಅದೇ ರಸ್ತೆಯಲ್ಲಿ ಪ್ರಯಾಣದ ಸಮಯ ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಶೇಕಡಾ 30ರಷ್ಟು, ಸಂಜೆ ಶೇಕಡಾ 55ರಷ್ಟು ಏರಿತು. ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಆ ಹೆದ್ದಾರಿಯ ಪಕ್ಕದಲ್ಲೇ ಹಳೆಯದೊಂದು ರೈಲು ಮಾರ್ಗವಿತ್ತು. ಅದರ ಹಳಿಗಳನ್ನು ಕಿತ್ತು, ಆ ಜಾಗವನ್ನು ರಸ್ತೆಗೆ ಬಳಸಿಕೊಂಡರು. ಅಂಥ ಜಾಗ ಕೈಬಿಟ್ಟರೆ ಮತ್ತೆ ಯಾವ ಬೆಲೆಗೂ ಸಿಗುವುದಿಲ್ಲ.

ಸಾರ್ವಜನಿಕ ಸಾರಿಗೆಯ ಪರವಾಗಿ ಮಾತನಾಡುವ ನಾವೂ ಒಂದು ವಿಷಯವನ್ನು ಮುಚ್ಚಿಡಬಾರದು. ಬಸ್ಸು, ರೈಲು ಹೆಚ್ಚಿಸಿದರೆ ಕಾರುಗಳ ದಟ್ಟಣೆ ತಾನಾಗಿ ಇಳಿದುಬಿಡುತ್ತದೆ ಎಂಬುದಕ್ಕೂ ಡುರಾಂಟನ್ ಮತ್ತು ಟರ್ನರ್ ಅಧ್ಯಯನದಲ್ಲಿ ಆಧಾರ ಸಿಗಲಿಲ್ಲ. ಒಬ್ಬರು ಕಾರು ಬಿಟ್ಟು ಬಸ್ಸು ಹತ್ತಿದರೆ ಆ ಜಾಗಕ್ಕೆ ಇನ್ನೊಬ್ಬರ ಕಾರು ಬರುತ್ತದೆ. ಆದ್ದರಿಂದ ಕಾರಿನವರಿಗೆ ಖಾಲಿ ರಸ್ತೆ ಸಿಗಲೆಂದು ನಾನು ಬಸ್ ಕೇಳುತ್ತಿಲ್ಲ. ದಟ್ಟಣೆ ಎಷ್ಟೇ ಇರಲಿ, ಅದರಲ್ಲಿ ಸಿಲುಕದೆ ಊರು ಸೇರುವ ಒಂದು ದಾರಿ ಎಲ್ಲರಿಗೂ ಇರಬೇಕು ಎಂದು ಕೇಳುತ್ತಿದ್ದೇನೆ.

ಆ ದಾರಿಗೆ ಎಷ್ಟು ಜಾಗ ಬೇಕು? ನ್ಯೂಜೆರ್ಸಿಯಿಂದ ಲಿಂಕನ್ ಸುರಂಗದ ಮೂಲಕ ನ್ಯೂಯಾರ್ಕ್ ಪ್ರವೇಶಿಸುವ ಹೆದ್ದಾರಿಯಲ್ಲಿ 1970ರ ದಶಕದ ಆರಂಭದಿಂದಲೂ ಒಂದು ಪಥ ಬೆಳಗಿನ ಹೊತ್ತು ಬಸ್ಸಿಗಷ್ಟೇ ಮೀಸಲು. ಆ ಹೊತ್ತಿನಲ್ಲಿ ಎದುರು ದಿಕ್ಕಿಗೆ ವಾಹನಗಳು ಕಡಿಮೆ. ಅಲ್ಲಿನ ಒಂದು ಪಥವನ್ನು ದಿನವೂ ಕೆಲವು ಗಂಟೆ ತಿರುಗಿಸಿಕೊಳ್ಳುತ್ತಾರೆ. ಅದಕ್ಕಾಗಿ ರಸ್ತೆಯನ್ನು ಅಗಲ ಮಾಡಬೇಕಾಗಲಿಲ್ಲ. ಕೊರೋನಾಕ್ಕೆ ಮುಂಚಿನ ವರ್ಷಗಳಲ್ಲಿ ಒಂದೊಂದು ಮುಂಜಾನೆ 1,700ಕ್ಕೂ ಹೆಚ್ಚು ಬಸ್ಸುಗಳು, 60,000ಕ್ಕೂ ಹೆಚ್ಚು ಜನ ಅದೊಂದೇ ಪಥದಲ್ಲಿ ಸಾಗಿದ್ದಾರೆ. ಹೆದ್ದಾರಿಯ ಸಾಮಾನ್ಯ ಪಥದಲ್ಲಿ ಗಂಟೆಗೆ ಹೆಚ್ಚೆಂದರೆ 2,000ದ ಆಸುಪಾಸು ಕಾರುಗಳು ಹೋದಾವು, ಬಹುತೇಕ ಕಾರಿನಲ್ಲಿ ಒಬ್ಬರೇ. ನಿಮ್ಮ ಎಂಜಿನಿಯರುಗಳು ವಾಹನಗಳನ್ನು ಎಣಿಸುವ ಬದಲು ಜನರನ್ನು ಎಣಿಸಿದರೆ ಈ ಯೋಜನೆಯ ಲಾಭನಷ್ಟದ ಪಟ್ಟಿಯೇ ಬದಲಾಗುತ್ತದೆ. ಕ್ಯಾಲಿಫೋರ್ನಿಯ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿ ಹೋಯಿತು. ಯೋಜನೆಯಿಂದ ಕಾರುಗಳಿಗೆ ಎಷ್ಟು ವಿಳಂಬವಾಗುತ್ತದೆಂದು ಅಳೆಯುವ ಪದ್ಧತಿಯನ್ನು ಕೈಬಿಟ್ಟು, ವಾಹನಗಳ ಓಡಾಟ ಒಟ್ಟು ಎಷ್ಟು ಹೆಚ್ಚುತ್ತದೆಂದು ಅಳೆಯುವುದಕ್ಕೆ 2013ರಲ್ಲಿ ಅಲ್ಲಿನ ಕಾನೂನೊಂದು ದಾರಿ ಮಾಡಿಕೊಟ್ಟಿತು.

ಅಗಲಗೊಂಡ ರಸ್ತೆಯ ಬದಿಯ ಬಸ್ ನಿಲ್ದಾಣದಲ್ಲಿ ಒಮ್ಮೆ ನೀವೇ ಬಂದು ನಿಲ್ಲಬೇಕು, ಸಂಜೆಯ ಹೊತ್ತಿನಲ್ಲಿ. ಮೊದಲು ಹೋಗಿರುವುದು ಪಾದಚಾರಿ ಮಾರ್ಗ. ನಿಲ್ದಾಣದ ತಂಗುದಾಣ ಚರಂಡಿಯ ಅಂಚಿಗೆ ಸರಿದಿರುತ್ತದೆ. ಎದುರು ಬದಿಗೆ ದಾಟಲು ಮೇಲ್ಸೇತುವೆಯ ಮೆಟ್ಟಿಲು ಹತ್ತಬೇಕು. ಮಂಡಿನೋವಿನ ಹಿರಿಯರು, ಕಂಕುಳಲ್ಲಿ ಮಗುವಿರುವ ತಾಯಂದಿರು ಅದನ್ನು ಹತ್ತಲಾರದೆ ವಾಹನಗಳ ನಡುವೆ ಕೈ ಅಡ್ಡ ಹಿಡಿದು ಓಡುತ್ತಾರೆ. ಬಸ್ಸಿಗಾಗಿ ಅರ್ಧ ಗಂಟೆ ಕಾದ ಮೇಲೆ ಒಂದರ ಬೆನ್ನಿಗೆ ಒಂದು, ಮೂರು ಬಸ್ ಬರುತ್ತವೆ. ಮೊದಲನೆಯದರ ಬಾಗಿಲಲ್ಲಿ ಜನ ಜೋತುಬಿದ್ದಿರುತ್ತಾರೆ, ಮೂರನೆಯದರಲ್ಲಿ ಸೀಟುಗಳು ಖಾಲಿ. ಚಾಲಕರನ್ನು ಎಲ್ಲರೂ ಬೈಯುತ್ತಾರೆ, ಆದರೆ ತಪ್ಪು ಅವರದಲ್ಲ. ದಟ್ಟಣೆಯಲ್ಲಿ ಸಿಕ್ಕಿ ಒಂದು ಬಸ್ ಸ್ವಲ್ಪ ತಡವಾದರೆ ಮುಂದಿನ ನಿಲ್ದಾಣದಲ್ಲಿ ಅದಕ್ಕೆ ಹೆಚ್ಚು ಜನ ಕಾದಿರುತ್ತಾರೆ; ಅವರೆಲ್ಲ ಹತ್ತುವಷ್ಟರಲ್ಲಿ ಅದು ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ಹತ್ತುವವರು ಕಡಿಮೆಯಾಗಿ ಅದು ಮುಂದಿನದನ್ನು ಹಿಡಿದುಬಿಡುತ್ತದೆ. ಪ್ರತ್ಯೇಕ ಪಥ, ಹತ್ತುವ ಮೊದಲೇ ಟಿಕೆಟ್, ಎಲ್ಲ ಬಾಗಿಲುಗಳಿಂದ ಹತ್ತುವ ವ್ಯವಸ್ಥೆ: ಇವಿಷ್ಟಿದ್ದರೆ ಈ ಕಾಯಿಲೆ ಬಹುಮಟ್ಟಿಗೆ ವಾಸಿಯಾಗುತ್ತದೆ. ಇದಕ್ಕೆ ಭೂಸ್ವಾಧೀನ ಬೇಡ, ಯಾರ ಮನೆಯನ್ನೂ ಕೆಡವಬೇಕಾಗಿಲ್ಲ.

ಹಣವಿಲ್ಲ ಎಂಬ ಉತ್ತರ ಬರುತ್ತದೆಂದು ಗೊತ್ತು. ಹೆದ್ದಾರಿಗೆ ಸುರಿಯುವ ಹಣವನ್ನು ಬಂಡವಾಳ ವೆಚ್ಚವೆಂದು ಬರೆಯುತ್ತಾರೆ. ಅದಕ್ಕೆ ಸಾಲ ಸಿಗುತ್ತದೆ, ಶಂಕುಸ್ಥಾಪನೆಯೂ ನಡೆಯುತ್ತದೆ. ಚಾಲಕರ ಸಂಬಳ, ಇಂಧನ, ದುರಸ್ತಿ ವರ್ಷವರ್ಷದ ಖರ್ಚಿನ ಬಾಬತ್ತಿಗೆ ಸೇರುತ್ತವೆ. ಹಾಗಾಗಿ ಬಸ್ ಸಂಸ್ಥೆ ಪ್ರತಿ ಬಜೆಟ್ಟಿನಲ್ಲೂ ನಷ್ಟದಲ್ಲಿದೆಯೆಂದು ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಟೋಲ್ ಇಲ್ಲದ ರಸ್ತೆಯಿಂದ ಒಂದು ಕಾಸೂ ವಾಪಸು ಬರುವುದಿಲ್ಲ, ಅದರ ನಿರ್ವಹಣೆಗೆ ವರ್ಷವೂ ಹಣ ಬೇಕು. ಆದರೂ ರಸ್ತೆ ನಷ್ಟದಲ್ಲಿದೆಯೆಂದು ಯಾವ ಸಚಿವರೂ ಸದನದಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಈ ಇಬ್ಬಗೆಯ ಲೆಕ್ಕ ನಿಲ್ಲಬೇಕು. ನಷ್ಟದ ಹೆಸರಿನಲ್ಲಿ ಟ್ರಿಪ್ ಕಡಿತ ಮಾಡಿದರೆ ಕಾಯುವ ಹೊತ್ತು ಹೆಚ್ಚುತ್ತದೆ, ಕಾಯಲಾರದವರು ಬಿಟ್ಟುಹೋಗುತ್ತಾರೆ, ಆದಾಯ ಮತ್ತೂ ಇಳಿಯುತ್ತದೆ, ಮತ್ತೆ ಟ್ರಿಪ್ ಕಡಿತ.

ಎಲ್ಲ ರಸ್ತೆ ಕಾಮಗಾರಿಗೂ ನನ್ನ ವಿರೋಧವಿದೆ ಎಂದುಕೊಳ್ಳಬೇಡಿ. ಎದುರುಬದುರಾಗಿ ಲಾರಿಗಳು ಗುದ್ದಿಕೊಳ್ಳುವ ಇಕ್ಕಟ್ಟಿನ ಹೆದ್ದಾರಿಗೆ ವಿಭಜಕ ಬೇಕು, ಅಪಾಯದ ತಿರುವು ನೇರವಾಗಬೇಕು, ರಸ್ತೆಯೇ ಇಲ್ಲದ ಹಳ್ಳಿಗೆ ರಸ್ತೆಯಾಗಬೇಕು. ನನ್ನ ತಕರಾರು ದಟ್ಟಣೆಯ ಹೊತ್ತಿನಲ್ಲಿ ನಗರದೊಳಕ್ಕೆ ಇನ್ನಷ್ಟು ಕಾರುಗಳನ್ನು ನೂಕುವ ಪಥಗಳ ಬಗ್ಗೆ ಮಾತ್ರ. ನಗರದೊಳಗೆ ಆ ಕಾರುಗಳನ್ನು ನಿಲ್ಲಿಸಲು ಜಾಗವೂ ಇಲ್ಲ.

ಕಾರಿನವರ ಪಥ ಕಸಿದುಕೊಂಡರೆ ಮತ ಹೋಗುತ್ತದೆಂಬ ಅಳುಕು ನಿಮಗಿರಬಹುದು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರ ಇನ್ನೂ ಕಠಿಣವಾದುದನ್ನು ಮಾಡಿತು, ನಗರದ ಕೇಂದ್ರಕ್ಕೆ ಬರುವ ಕಾರುಗಳಿಗೆ ಶುಲ್ಕ ಹಾಕಿತು. 2005ರಲ್ಲೇ ಹೆಚ್ಚುವರಿ ಬಸ್ಸುಗಳನ್ನು ರಸ್ತೆಗಿಳಿಸಿ, 2006ರ ಜನವರಿಯಿಂದ ಜುಲೈವರೆಗೆ ಪ್ರಾಯೋಗಿಕವಾಗಿ ಶುಲ್ಕ ಪಡೆಯಿತು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಶೇಕಡಾ 20ರಷ್ಟು ಇಳಿದವು. ಮೊದಲು ವಿರೋಧಿಸುತ್ತಿದ್ದ ಜನರೇ ಸೆಪ್ಟೆಂಬರಿನ ಜನಮತದಲ್ಲಿ ಅದನ್ನು ಒಪ್ಪಿದರು, ಮರುವರ್ಷ ಅದು ಶಾಶ್ವತವಾಯಿತು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚಂಗ್ಯೆಚನ್ ಹೊಳೆಯ ಮೇಲಿದ್ದ ಎತ್ತರಿಸಿದ ಹೆದ್ದಾರಿಯನ್ನು 2003ರಲ್ಲಿ ಕೆಡವಿಸಿ, ಮರುವರ್ಷ ಬಸ್ ವ್ಯವಸ್ಥೆಯನ್ನು ಬುಡಸಮೇತ ಬದಲಿಸಿ, ರಸ್ತೆಯ ನಡುವಿನ ಪಥಗಳನ್ನು ಬಸ್ಸಿಗೆ ಕೊಟ್ಟ ಮೇಯರ್ ಲೀ ಮ್ಯುಂಗ್-ಬಾಕ್ ಮುಂದೆ ದೇಶದ ಅಧ್ಯಕ್ಷರಾಗಿಯೇ ಆಯ್ಕೆಯಾದರು.

ನೀವೂ ಆರು ತಿಂಗಳ ಪ್ರಯೋಗ ಮಾಡಿ. ಬಣ್ಣ ಬಳಿದು, ತಡೆಗೂಟ ನೆಟ್ಟು ಒಂದು ಪಥವನ್ನು ಬಸ್ಸಿಗೆ ಕೊಡಿ. ಆಂಬುಲೆನ್ಸ್ ಕೂಡ ಅದರಲ್ಲೇ ಹೋಗಲಿ. ದಟ್ಟಣೆಯ ಹೊತ್ತಿನಲ್ಲಿ ಐದು ನಿಮಿಷಕ್ಕೊಂದು ಬಸ್ ಬರಲಿ. ಪ್ರಯೋಗಕ್ಕೆ ಮೊದಲು ಮತ್ತು ನಂತರ ಎಷ್ಟು ಜನ ಈ ರಸ್ತೆಯಲ್ಲಿ ಸಾಗಿದರು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಅಲ್ಲಿಯವರೆಗೆ ಅಗಲೀಕರಣದ ಟೆಂಡರ್ ಕರೆಯಬೇಡಿ, ಮರಗಳಿಗೆ ನಂಬರ್ ಹಾಕಿಸಬೇಡಿ.

ಅದಕ್ಕೂ ಮೊದಲು, ಅಗಲೀಕರಣ ಯೋಜನೆಯ ಸಂಚಾರ ಅಂದಾಜಿನ ವರದಿಯನ್ನು ಪೂರ್ತಿಯಾಗಿ ಬಹಿರಂಗಪಡಿಸಿ. ಹೊಸ ಪಥಗಳಿಂದಲೇ ಹುಟ್ಟುವ ಸಂಚಾರವನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂಬುದಕ್ಕೆ ಲಿಖಿತ ಉತ್ತರ ಬೇಕು. ಆ ವರದಿಯ ಮೇಲೆ ಸಾರ್ವಜನಿಕ ಅಹವಾಲು ಸಭೆ ಕರೆಯಿರಿ. ಸಭೆಯನ್ನು ಭಾನುವಾರ ಇಡಿ, ಬಸ್ ಹೋಗುವ ಜಾಗದಲ್ಲಿ ಇಡಿ. ಕೆಲಸದ ದಿನ ಹಗಲಿನಲ್ಲಿ ಇಟ್ಟರೆ ಈ ರಸ್ತೆಯಲ್ಲಿ ದಿನವೂ ಓಡಾಡುವ ನಾವು ಬರಲಾಗುವುದಿಲ್ಲ.

ಇಂತಿ,
ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವ ಒಬ್ಬ ನಾಗರಿಕಳು