ಬಾಯ್ಕಾಟ್ ರೈತ ನಾಯಕನಂತೆ!

ಮಾನ್ಯ ಸಂಪಾದಕರೇ,

ಇಲಾಖೆಯ ಪರೀಕ್ಷೆಯ ‘ಕೀ ಉತ್ತರದಲ್ಲಿ ಯಾವ ಲೋಪವೂ ಇಲ್ಲ’ ಎಂಬ ನಿಮ್ಮ ನಿನ್ನೆಯ ವರದಿ ಓದಿ ಮೈ ಉರಿಯಿತು. ಅಧಿಕಾರಿ ಹೇಳಿದ್ದನ್ನು ಹಾಗೇ ಅಚ್ಚು ಹಾಕಿದ್ದೀರಲ್ಲ, ಒಂದು ನಿಘಂಟು ತೆಗೆದು ನೋಡುವ ಪುರಸೊತ್ತು ನಿಮ್ಮ ವರದಿಗಾರರಿಗೂ ಇರಲಿಲ್ಲವೇ?

ಪ್ರಶ್ನೆ ಈಗ ಎಲ್ಲರಿಗೂ ಬಾಯಿಪಾಠವಾಗಿದೆ. ‘ಬಾಯ್ಕಾಟ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ಹೆಸರು ಕೊಟ್ಟವನು ಯಾರು? ಇಲಾಖೆಯ ಪ್ರಕಾರ ‘ಐರ್ಲೆಂಡಿನ ರೈತ ಹೋರಾಟದ ನಾಯಕ’. ಅದರ ಕೆಳಗೇ ‘ಜಮೀನ್ದಾರನ ಏಜೆಂಟ್’ ಎಂಬ ಸರಿಯುತ್ತರ ಇತ್ತು. ಅದನ್ನು ಗುರುತು ಮಾಡಿದ ನನ್ನ ಮಗಳಿಗೆ ಅಂಕವೂ ಇಲ್ಲ, ಸಾಲದ್ದಕ್ಕೆ ತಪ್ಪು ಉತ್ತರವೆಂದು ಕಾಲು ಅಂಕ ಕಡಿತ ಬೇರೆ.

ಸ್ವಾಮಿ, ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಬಾಯ್ಕಾಟ್ ಬಹಿಷ್ಕಾರ ಹಾಕಿದವನಲ್ಲ, ಹಾಕಿಸಿಕೊಂಡವನು! 1832ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಸ್ವಲ್ಪ ಕಾಲ ಸೇನೆಯಲ್ಲಿದ್ದು, ಕೊನೆಗೆ ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಪರವಾಗಿ ಗೇಣಿ ವಸೂಲಿಗೆ ನಿಂತವನು. 1880ರಲ್ಲಿ ಒಕ್ಕಲುಗಳು ಗೇಣಿಯಲ್ಲಿ ಶೇ 25 ಇಳಿಸಿ ಎಂದು ಕೇಳಿದರು. ಒಡೆಯ ಶೇ 10ರ ಮೇಲೆ ಒಪ್ಪಲಿಲ್ಲ. ಏಜೆಂಟ್ ಒಕ್ಕಲೆಬ್ಬಿಸುವ ನೋಟಿಸು ತರಿಸಿದ. ಸೆಪ್ಟೆಂಬರಿನಲ್ಲಿ ಅದನ್ನು ಜಾರಿ ಮಾಡಲು ಬಂದವನ ಮೇಲೆ ಊರಿನ ಹೆಂಗಸರು ಕೆಸರು, ಗೊಬ್ಬರ ಎರಚಿ ಓಡಿಸಿದರು. ಅದಕ್ಕೆ ಮೂರು ದಿನ ಮೊದಲಷ್ಟೇ ಎನಿಸ್ ಪಟ್ಟಣದ ಸಭೆಯಲ್ಲಿ ನಿಜವಾದ ರೈತ ಹೋರಾಟದ ನಾಯಕ ಪಾರ್ನೆಲ್, ಒಕ್ಕಲೆಬ್ಬಿಸಿದ ಜಮೀನು ಹಿಡಿಯುವವನನ್ನು ಬೀದಿಯಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ಕೂಡ ಮಾತಾಡಿಸಬೇಡಿ ಎಂದಿದ್ದರು. ಜನ ಅದನ್ನೇ ಈ ಏಜೆಂಟನ ಮೇಲೆ ತಿರುಗಿಸಿದರು. ಕೂಲಿಯಾಳುಗಳು ಹೊರಟುಹೋದರು, ಕಮ್ಮಾರ ಕೆಲಸ ನಿಲ್ಲಿಸಿದ, ಬಟ್ಟೆ ಒಗೆಯುವಾಕೆ ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ.

ಆತನೂ ನನ್ನ ಹಾಗೆ ಸಂಪಾದಕರಿಗೇ ಪತ್ರ ಬರೆದ, ಲಂಡನ್ನಿನ ‘ದಿ ಟೈಮ್ಸ್’ಗೆ. ಆತನ ಪತ್ರಕ್ಕಾದರೂ ಬೆಲೆ ಸಿಕ್ಕಿತು! ಐರ್ಲೆಂಡಿನ ಉತ್ತರದ ಅಲ್‌ಸ್ಟರ್ ಕಡೆಯಿಂದ 50 ಜನ ಫಸಲು ತೆಗೆಯಲು ಬಂದರು, ಅವರಿಗೆ ನೂರಾರು ಸೈನಿಕರ, ಪೊಲೀಸರ ಕಾವಲು. ಸುಮಾರು 500 ಪೌಂಡಿನ ಬೆಳೆ ಉಳಿಸಲು 10,000 ಪೌಂಡ್ ಖರ್ಚಾಯಿತೆಂಬುದು ಆಗಿನ ಅಂದಾಜು. ಡಿಸೆಂಬರ್ ಹೊತ್ತಿಗೆ ಆಸಾಮಿ ಗಂಟುಮೂಟೆ ಕಟ್ಟಿದ. ಅಷ್ಟರಲ್ಲಿ ಹೆಸರು ಕ್ರಿಯಾಪದವಾಗಿ ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. ಅದನ್ನು ಹುಟ್ಟಿಸಿದ್ದು ಸ್ಥಳೀಯ ಪಾದ್ರಿ ಜಾನ್ ಓಮ್ಯಾಲಿ ಎನ್ನುತ್ತಾರೆ. ನಿಘಂಟಿನಲ್ಲಿದ್ದ ‘ಆಸ್ಟ್ರಸೈಜ್’ (ಬಹಿಷ್ಕರಿಸು) ರೈತರ ಬಾಯಿಗೆ ಹತ್ತುವ ಪದವಲ್ಲ ಅನ್ನಿಸಿ, ಕಣ್ಣೆದುರಿಗಿದ್ದವನ ಹೆಸರನ್ನೇ ಅಮೆರಿಕದ ಪತ್ರಕರ್ತ ರೆಡ್‌ಪಾತ್‌ಗೆ ಸೂಚಿಸಿದರಂತೆ. ಮುಂದೆ ಫ್ರೆಂಚರು, ಜರ್ಮನರು ಕೂಡ ಆ ಪದವನ್ನು ಎತ್ತಿಕೊಂಡರು. ನಮ್ಮ ವಿಷಯತಜ್ಞರ ಸಮಿತಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.

ಆಕ್ಷೇಪಣೆ ಸಲ್ಲಿಸಬಹುದಿತ್ತಲ್ಲ ಎಂದು ಆ ಅಧಿಕಾರಿ ನಿಮ್ಮ ಪತ್ರಿಕೆಯಲ್ಲೇ ಅಪ್ಪಣೆ ಕೊಡಿಸಿದ್ದಾರೆ. ಆಹಾ! ಪ್ರತಿ ಪ್ರಶ್ನೆಗೂ ಶುಲ್ಕ ಕಟ್ಟಬೇಕು, ಪುರಾವೆ ಪಿಡಿಎಫ್‌ನಲ್ಲೇ ಇರಬೇಕು, ಹಾಕಿದರೆ ‘ಕಡತದ ಗಾತ್ರ ಹೆಚ್ಚಾಗಿದೆ’. ಚಿಕ್ಕದು ಮಾಡಿದರೆ ಅಕ್ಷರ ಕಾಣುವುದಿಲ್ಲ. ಓಟಿಪಿ ಬರುವಷ್ಟರಲ್ಲಿ ಪುಟವೇ ಲಾಗ್‌ಔಟ್. ಸಹಾಯವಾಣಿ ಸದಾ ಬ್ಯುಸಿ. ಮಂಡಿನೋವಿನಲ್ಲೇ ಇಲಾಖೆಯ ಕಚೇರಿಯ ಮೂರು ಮಹಡಿ ಹತ್ತಿದೆ (ಅಲ್ಲಿನ ಲಿಫ್ಟಿನ ಕಥೆ ನಿಮ್ಮ ಓದುಗರಿಗೆ ಹೊಸದೇನಲ್ಲ). ನಿಘಂಟಿನ ಪುಟದ ಜೆರಾಕ್ಸ್ ತೆಗೆದು, ‘ಏಜೆಂಟ್’ ಎಂಬಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಒಯ್ದಿದ್ದೆ. ವಿಷಯ ನಿರ್ವಾಹಕರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದು ಅಟೆಸ್ಟ್ ಆಗಿಲ್ಲವಲ್ಲ ಸಾರ್’ ಅಂದರು. ಇಂಗ್ಲಿಷ್ ನಿಘಂಟಿಗೆ ಗೆಜೆಟೆಡ್ ಅಧಿಕಾರಿಯ ಸಹಿ! ಸಮಿತಿಯಲ್ಲಿ ಯಾರಿದ್ದಾರೆ ಎಂದರೆ ‘ಗೌಪ್ಯ’. ಸಾಲಿನಲ್ಲಿ ನನ್ನ ಹಿಂದಿದ್ದವರು ‘ಬಾಯ್ಕಾಟ್ ಅಂದರೆ ಕ್ರಿಕೆಟ್ ಆಡುತ್ತಿದ್ದವರಲ್ಲವೇ’ ಎಂದು ಕೇಳಿದರು. ಅವರು ಯಾರ್ಕ್‌ಷೈರಿನ ಜೆಫ್ರಿ, ಬೇರೆಯವರು. ಪುಣ್ಯಕ್ಕೆ ಕೀ ಉತ್ತರದಲ್ಲಿ ಅವರ ಹೆಸರು ಬರಲಿಲ್ಲ.

ಇದು ಇಂದಿನ ಹಣೆಬರಹವೂ ಅಲ್ಲ. ಹಿಂದಿನ ಪರೀಕ್ಷೆಗೆ ಇದೇ ಮಹಾನುಭಾವರು ಮಗಳ ಪ್ರವೇಶಪತ್ರಕ್ಕೆ ಯಾರೋ ಮೀಸೆ ಹೊತ್ತ ಯುವಕನ ಫೋಟೊ ಅಂಟಿಸಿ ಕಳಿಸಿದ್ದರು. ಅದನ್ನು ಸರಿಪಡಿಸಲು ಅಫಿಡವಿಟ್ಟು ಮಾಡಿಸಬೇಕಾದವರು ನಾವು. ನನ್ನ ಪಿಂಚಣಿ ಕಡತದಲ್ಲಿ ಇನಿಷಿಯಲ್ ತಿರುವುಮುರುವಾಗಿ ವರ್ಷವಾಯಿತು, ಇವತ್ತಿಗೂ ‘ಪುಟಪ್ ಆಗಿದೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ’. ಅದೆಂಥ ಮೀಟಿಂಗೋ, ಮುಗಿದದ್ದನ್ನು ಕಂಡವರಿಲ್ಲ.

ಆದ್ದರಿಂದ ಈ ಪ್ರಶ್ನೆಯನ್ನು ರದ್ದು ಮಾಡಲಿ. ರದ್ದು ಮಾಡಿದರೆ ಸರಿಯಾಗಿ ಬರೆದವರಿಗೇ ನಷ್ಟ, ಹಾಗಾಗಿ ರದ್ದು ಬೇಡ, ಕೀ ಉತ್ತರ ತಿದ್ದಲಿ. ಹೋಗಲಿ, ಎಲ್ಲರಿಗೂ ಒಂದು ಗ್ರೇಸ್ ಅಂಕ ಕೊಟ್ಟು ಕೈತೊಳೆದುಕೊಳ್ಳಲಿ. ಸಂಬಂಧಪಟ್ಟವರು ಏನಾದರೂ ಮಾಡಲಿ, ಬೇಗ ಮಾಡಲಿ. ಅದಕ್ಕೂ ಮೊದಲು ಆ ಸಮಿತಿಯವರನ್ನು ಒಂದು ಕೋಣೆಯಲ್ಲಿ ಕೂರಿಸಿ ಇದೇ ಪ್ರಶ್ನೆಪತ್ರಿಕೆ ಬರೆಸಿ, ತಪ್ಪಿಗೆ ಕಾಲು ಅಂಕದಂತೆ ಕಡಿಯಲಿ. ನಿಮ್ಮ ವರದಿಗಾರರಿಗೂ ಪಕ್ಕದಲ್ಲೇ ಒಂದು ಬೆಂಚು ಹಾಕಿಸಿ.

– ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು