ಸೀನನಿಗೆ, ಮಗುವನ್ನ ಎದೆಗೆ ಕಟ್ಟಿಕೊಳ್ಳೋ ಬಟ್ಟೆ ವಿಷಯವಾಗಿ

ಲೋ ಸೀನ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಹಿಂದೆ ಅಳ್ತಾ ಇದ್ದದ್ದು ಮಗುವೋ ನೀನೋ ಗೊತ್ತಾಗಲಿಲ್ಲ. ಕಟ್ಟಿದ ಸ್ವಲ್ಪ ಹೊತ್ತಿಗೇ ಮಗು ಹೊಟ್ಟೆ ಹತ್ತಿರ ಜಾರಿ ಬರುತ್ತೆ ಅಂದೆಯಲ್ಲ, ನೀನು ಸಡಿಲವಾಗಿ ಕಟ್ಟುತ್ತಿದ್ದೀಯ, ಅಷ್ಟೇ. ಕುದುರೆಮುಖದಲ್ಲಿ ಟೆಂಟ್ ಕಟ್ಟಿದವನಿಂದ ಇನ್ನೇನು ನಿರೀಕ್ಷೆ ಮಾಡೋಣ! (ಆವತ್ತು ನೆಂದವರು ನಗಲಿ, ಉಳಿದವರು ಮುಂದೆ ಹೋಗಿ.)

ಅದು ಬನಿಯನ್ ಬಟ್ಟೆ ಕಣೋ, ಹೆಚ್ಚುಕಮ್ಮಿ 5 ಮೀಟರ್ ಇರುತ್ತೆ. ಮಗುವಿನ ಭಾರ ಬಿದ್ದರೆ ಜಗ್ಗೇ ಜಗ್ಗುತ್ತೆ. ಅದಕ್ಕೇ ಮೊದಲು ಪೂರ್ತಿ ಕಟ್ಟಿಕೊಂಡು ಆಮೇಲೆ ಮಗು ಕೂರಿಸೋದು. ಕಟ್ಟಿದಾಗ ಅಂಗೈ ಚಪ್ಪಟೆಯಾಗಿ ತೂರುವಷ್ಟೇ ಜಾಗ ಇರಲಿ, 'ಇದರೊಳಗೆ ಮಗು ಎಲ್ಲಿ ಹಿಡಿಸುತ್ತೆ' ಅಂತ ಅನುಮಾನ ಬರಬೇಕು. ಬಟ್ಟೆಯ ಮಧ್ಯ ಎದೆಯ ಮೇಲೆ ಅಡ್ಡಕ್ಕೆ ಬರಲಿ. ಎರಡೂ ತುದಿ ಬೆನ್ನಲ್ಲಿ ಕತ್ತರಿ ಆಕಾರದಲ್ಲಿ ಒಂದರ ಮೇಲೊಂದು ದಾಟಿಸಿ, ಹೆಗಲ ಮೇಲಿಂದ ಮುಂದೆ ತಂದು, ಆ ಅಡ್ಡಪಟ್ಟಿಯೊಳಗೆ ತೂರಿಸಿ, ಮುಂದೆಯೂ ಹಾಗೇ ಕತ್ತರಿಯಾಗಿ ದಾಟಿಸಿ ಸೊಂಟದ ಹಿಂದೆ ಗಂಟು. ಹೆಗಲ ಮೇಲೆ ಬಟ್ಟೆ ಮುದುರಿದ್ದರೆ ಬಿಡಿಸಿ ಹರಡು, ಇಲ್ಲಾಂದ್ರೆ ಸಂಜೆಗೆ ಕತ್ತು ಹಿಡಿದುಕೊಳ್ಳುತ್ತೆ.

ಆಮೇಲೆ ಮಗುವನ್ನ ಹೆಗಲಿಗೆ ಹಾಕಿಕೊಂಡು, ಕತ್ತರಿಯ ಒಂದೊಂದು ಪಟ್ಟಿಯೊಳಗೆ ಒಂದೊಂದು ಕಾಲು ಇಳಿಸು. ಪಟ್ಟಿಯನ್ನ ಈ ಮಂಡಿಯಿಂದ ಆ ಮಂಡಿವರೆಗೆ ಬಿಡಿಸು. ಕುಂಡಿ ಕೆಳಗೆ, ಮಂಡಿ ಮೇಲೆ, ಕಪ್ಪೆ ಕೂತ ಹಾಗೆ. ಕೊನೆಗೆ ಅಡ್ಡಪಟ್ಟಿ ಕತ್ತಿನವರೆಗೆ ಎಳೆ, ಮುಖ ಮಾತ್ರ ಮುಚ್ಚಬೇಡ. ನೀನು ಕತ್ತು ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡೋಕೆ ಸಿಗಬೇಕು. ಗದ್ದಕ್ಕೂ ಎದೆಗೂ ನಡುವೆ ಎರಡು ಬೆರಳು ಜಾಗ ಇರಲೇಬೇಕು. ಎಳೇ ಮಗು ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಮುಚ್ಚುತ್ತೆ, ಅತ್ತು ಹೇಳೋಕೂ ಆಗಲ್ಲ. 2010ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಮಗು ಹೊರೋ ಜೋಳಿಗೆಗಳ (ಸ್ಲಿಂಗ್) ಬಗ್ಗೆ ಎಚ್ಚರಿಕೆ ಕೊಟ್ಟಿತ್ತು, ನಾಲ್ಕು ತಿಂಗಳೊಳಗಿನ ಮಕ್ಕಳ ವಿಷಯದಲ್ಲಿ ವಿಶೇಷವಾಗಿ. ಅದನ್ನ ಓದಿದ ಮೇಲೆ ನಾನು ದಾರಿಯಲ್ಲಿ ಹೆಜ್ಜೆಗೊಂದು ಸಲ ಬೆರಳಿಟ್ಟು ನೋಡ್ತೀನಿ.

ಮಗುವಿನ ಬೆನ್ನಿಗೆ ಕೈ ಕೊಟ್ಟು ಮುಂದಕ್ಕೆ ಬಗ್ಗಿ ನೋಡು. ಎದೆ ಬಿಟ್ಟು ದೂರ ಸರಿದರೆ ಬಿಚ್ಚಿ ಮತ್ತೆ ಕಟ್ಟು. ಸ್ಕೂಟರ್ ಬೇಡ, ಒಲೆ ಮುಂದೆ ಬೇಡ, ಈ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟೋದಂತೂ ಬೇಡವೇ ಬೇಡ. 8-9 ಕೆಜಿ ಆದಮೇಲೆ ಎಷ್ಟು ಬಿಗಿದರೂ ಜೋತು ಬೀಳುತ್ತೆ, ಆಗ ಬೇರೆ ನೋಡಿಕೋ.

ಇನ್ನೊಂದು ವಿಷಯ. ಸಂಜೆ ಮಗಳನ್ನ ಕಟ್ಟಿಕೊಂಡು ಹಾಲು ತರೋಕೆ ಹೊರಟರೆ ನಮ್ಮ ಬೀದಿಗೆ ನಾನೇ ಹೀರೋ. 'ಎಷ್ಟು ಚೆನ್ನಾಗಿ ನೋಡ್ಕೋತೀರಪ್ಪ' ಅಂತ ಹೂವಿನಮ್ಮ ಕೇಳದೇ ಅರ್ಧ ಮೊಳ ಜಾಸ್ತಿ ಕೊಟ್ಟರು. ಅದೇ ಬಟ್ಟೆ, ಅದೇ ಗಂಟು, ನನ್ನವಳು ಹೋದರೆ? 'ಬಾಣಂತಿ, ಇಷ್ಟು ಬೇಗ ಆಚೆ ಬಂದ್ಯಾ?' 'ಮಗೂಗೆ ಉಸಿರು ಕಟ್ಟಲ್ವೇನೇ?' 'ಕಾಲು ಸೊಟ್ಟಗಾಗುತ್ತೆ ಕಣಮ್ಮ.' ಈಗ ಅವಳು ಆ ಬಟ್ಟೆ ಮುಟ್ಟೋದೇ ಇಲ್ಲ. ನನಗೆ ಕಟ್ಟೋದು ಕಲಿಸಿದವಳೇ ಅವಳು.

ಹೂವಿನಮ್ಮನಿಗೆ ಅದನ್ನ ಹೇಳಬಹುದಿತ್ತು. ಹೇಳಲಿಲ್ಲ. ಹೊಗಳಿಕೆ ರುಚಿ ಹತ್ತಿದೆ ಕಣೋ, ಜನ ಇರೋ ಹೊತ್ತು ನೋಡಿಕೊಂಡೇ ಹೊರಡ್ತೀನಿ. ಮನೆಗೆ ಬಂದು ಗಂಟು ಬಿಚ್ಚಿದರೆ ಬರಿಗೈಯಲ್ಲಿ ಮಗಳನ್ನ ಹಿಡಿಯೋಕೆ ಈಗಲೂ ಭಯ. ರಾತ್ರಿ ಅತ್ತರೆ ಗೋಡೆ ಕಡೆ ತಿರುಗಿ ನಿದ್ದೆ ಬಂದವನ ಹಾಗೆ ಬಿದ್ದಿರ್ತೀನಿ. ಪಕ್ಕದಲ್ಲಿ ಬಳೆ ಸದ್ದಾದ ಮೇಲೇ ಉಸಿರು ಬಿಡೋದು.

ಇಷ್ಟೆಲ್ಲ ಬರೆಯೋ ಉದ್ದೇಶ ಇರಲಿಲ್ಲ. ಅದೂ ನಿನಗೊಬ್ಬನಿಗೇ ಕಳಿಸೋದು ಬಿಟ್ಟು ಊರ ಮುಂದೆ ಹಾಕ್ತಿದ್ದೀನಲ್ಲ! ನೋಡ್ತಿರು, ಇದಕ್ಕೂ ನಾಲ್ಕು ಜನ 'ಸೂಪರ್ ಅಪ್ಪ' ಅಂತಾರೆ. ನನ್ನವಳು ಮಾತ್ರ 'ರಾತ್ರಿ ಇದನ್ನ ಬರೆಯೋಕೆ ಎಚ್ಚರ ಇತ್ತಾ?' ಅಂತ ಕೇಳ್ತಾಳೆ.

ಬಟ್ಟೆ ಎರಡಿಟ್ಟುಕೋ, ಮಗು ಕಕ್ಕುತ್ತೆ. ನಿನ್ನದೇ ರಕ್ತ. ಚಿಕ್ಕಮಗಳೂರು ಬಸ್ಸಿನ ಕಂಡಕ್ಟರ್ ಈಗ ರಿಟೈರ್ ಆಗಿರಬಹುದು, ಪಾಪ.

ಇಂತಿ ನಿನ್ನ,
ಗುಂಡ