ಆ ಒಂಬತ್ತು ಮಂದಿಗೂ, ನಿಮಗೂ

ಮೊನ್ನೆ ಶಿವಮೊಗ್ಗದಲ್ಲಿ ಮೂತ್ರಕೋಶದೊಳಗೆ ದುರ್ಬೀನು ಇಳಿಸಿ ನೋಡಿದ ಡಾಕ್ಟರು, ‘ಎಲ್ಲೂ ಏನೂ ಇಲ್ಲ, ಬಿಸಿಜಿ ಇನ್ನು ಸಾಕು’ ಎಂದರು. ಬಿಸಿಜಿ ಎಂಬ ಮದ್ದಿನಿಂದ ನಡೆದ, ಮೂತ್ರಕೋಶದ ಕ್ಯಾನ್ಸರಿನ ಮೂರು ವರ್ಷದ ಚಿಕಿತ್ಸೆ ಮುಗಿಯಿತು. ಊರಿಗೆ ಬಂದವನೇ, ನೆರವಾದ ನಿಮಗೆಲ್ಲ ನಮಸ್ಕಾರ ಹೇಳೋಣವೆಂದು ಇದನ್ನು ಬರೆಯಲು ಕುಳಿತಿದ್ದೇನೆ.

ಮೊದಲ ಸಲ ಮೂತ್ರ ಕೆಂಪಾದಾಗ ಉಷ್ಣವೆಂದುಕೊಂಡು ಎಳನೀರು ಕುಡಿದೆ. ನೋವಿರಲಿಲ್ಲ, ಎರಡು ದಿನದಲ್ಲಿ ತಾನಾಗಿ ತಿಳಿಯಾಯಿತು. ಮೂತ್ರಕೋಶದ ಕ್ಯಾನ್ಸರ್ ಹೆಚ್ಚಾಗಿ ಹೀಗೆ ನೋವಿಲ್ಲದ ರಕ್ತದಿಂದಲೇ ಸುಳಿವು ಕೊಡುತ್ತದೆ ಎಂದು ಆಗ ತಿಳಿದಿರಲಿಲ್ಲ. ಎರಡನೆಯ ಸಲ ರಕ್ತ ಹೋದಾಗ ‘ನಾಳೆಯೇ ಸ್ಕ್ಯಾನ್ ಮಾಡಿಸಿ’ ಎಂದು ಪಟ್ಟು ಹಿಡಿದ ತೀರ್ಥಹಳ್ಳಿಯ ನಮ್ಮ ಹಳೆಯ ಡಾಕ್ಟರಿಗೆ ಮೊದಲ ನಮಸ್ಕಾರ. ಮೂವತ್ತು ವರ್ಷ ಸೇದಿದ ಬೀಡಿಯನ್ನು ಅವರೆದುರೇ ಬಿಟ್ಟೆ.

ಗಡ್ಡೆಯನ್ನು ಮೂತ್ರನಾಳದ ಮೂಲಕವೇ ಕೆರೆದು ತೆಗೆದರು. ಅದು ಮರುಕಳಿಸದಿರಲು ಮೊದಲಿಗೆ ವಾರಕ್ಕೊಂದರಂತೆ ಆರು ಸಲ ಬಿಸಿಜಿ, ಆಮೇಲೆ ಬಿಟ್ಟು ಬಿಟ್ಟು. ಮೊಮ್ಮಗಳು ಹುಟ್ಟಿದಾಗ ಎಡತೋಳಿಗೆ ಹಾಕಿದರಲ್ಲ, ಅದೇ ಕ್ಷಯದ ಲಸಿಕೆಯ ದುರ್ಬಲ ರೋಗಾಣು. ಸಪೂರ ನಳಿಗೆಯಲ್ಲಿ ಅದನ್ನು ಒಳಗೆ ಬಿಟ್ಟರೆ ದೇಹದ ರಕ್ಷಣಾ ಕಣಗಳು ಅಲ್ಲಿಗೆ ಧಾವಿಸಿ ಕ್ಯಾನ್ಸರ್ ಕೋಶಗಳ ಮೇಲೂ ಬೀಳುತ್ತವೆ. ಎರಡು ಗಂಟೆ ಮೂತ್ರ ತಡೆದುಕೊಂಡು ಮಗ್ಗುಲು ಬದಲಿಸುತ್ತಾ ಮಲಗಬೇಕು. ಉರಿ ತಾಳಲಾರದೆ ಹಲ್ಲು ಕಚ್ಚುತ್ತಿದ್ದಾಗ ಸಿಸ್ಟರ್ ಒಬ್ಬರು ಗಡಿಯಾರವನ್ನು ನನಗೆ ಕಾಣದಂತೆ ತಿರುಗಿಸಿಟ್ಟು, ತೋಟದ ಸುದ್ದಿ ಕೇಳುತ್ತಾ ಪಕ್ಕದಲ್ಲೇ ನಿಂತಿದ್ದರು. ಆ ತಾಯಿಯನ್ನು ಹೇಗೆ ಮರೆಯಲಿ?

ಆ ಆರು ವಾರ ಬಿದ್ದದ್ದು ಆಷಾಢದ ಜಡಿಮಳೆಯಲ್ಲಿ. ಅಡಿಕೆಗೆ ಕೊಳೆ ಬರುವ ಕಾಲ. ನಾನು ಹೇಳುವ ಮೊದಲೇ ನೆರೆಮನೆಯವರು ಸುಣ್ಣ, ಮೈಲುತುತ್ತ ಕಲಸಿ, ಮಳೆ ಹೊಳವಾದ ಗಳಿಗೆ ನೋಡಿ ನಮ್ಮ ತೋಟಕ್ಕೆ ಔಷಧಿ ಹೊಡೆಸಿದ್ದರು. ಕೂಲಿಯ ಲೆಕ್ಕವನ್ನು ಇಂದಿಗೂ ಕೊಟ್ಟಿಲ್ಲ. ಬಿಸಿಜಿಯಾದ ಮೇಲೆ ಆರು ಗಂಟೆ ಕಾಲ, ಮೂತ್ರದಲ್ಲಿ ಹೊರಬರುವ ರೋಗಾಣು ಸಾಯಲೆಂದು, ನಾನು ಬಳಸಿದ ಶೌಚಾಲಯಕ್ಕೆ ಪ್ರತಿ ಸಲ ಬ್ಲೀಚಿಂಗ್ ದ್ರಾವಣ ಸುರಿಯುತ್ತಿದ್ದ ನನ್ನ ಹೆಂಡತಿಯ ಕೈ ಸಿಪ್ಪೆ ಎದ್ದಿತ್ತು.

ಆರೇ ಸಲ ಏಕೆಂದು ಕೇಳಿದ್ದೆ. 1976ರಲ್ಲಿ ಕೆನಡಾದ ಡಾ. ಅಲ್ವಾರೊ ಮೊರಾಲೆಸ್ ಈ ಚಿಕಿತ್ಸೆಯ ಮೊದಲ ವರದಿ ಪ್ರಕಟಿಸಿದರಂತೆ. ಅವರಿಗೆ ಸಿಗುತ್ತಿದ್ದ ಲಸಿಕೆಯ ಪೊಟ್ಟಣದಲ್ಲಿ ಆರು ಸೀಸೆಗಳಿದ್ದವು, ಅದೇ ಆರು ವಾರವಾಯಿತು. ಆ ವರದಿಯಲ್ಲಿದ್ದವರು ಒಂಬತ್ತೇ ರೋಗಿಗಳು. ಫಲ ಸಿಗುವುದೋ ಇಲ್ಲವೋ ತಿಳಿಯದೆ ಮೈಯೊಡ್ಡಿದವರು. ಅವರ ಹೆಸರೂ ನನಗೆ ಗೊತ್ತಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ಅವರನ್ನು ನೆನೆಯುತ್ತೇನೆ.

ಮೊನ್ನೆ ಆಸ್ಪತ್ರೆಯಿಂದ ಹೊರಡುವಾಗ, ಅಲ್ಲಿ ಓದುತ್ತಿರುವ ಕಿರಿಯ ವೈದ್ಯೆ ತಮ್ಮ ಪ್ರಬಂಧಕ್ಕೆ ನನ್ನ ದಾಖಲೆಗಳನ್ನು ಬಳಸಿಕೊಳ್ಳಬಹುದೇ ಎಂದು ಸಂಕೋಚದಿಂದ ಕೇಳಿದರು. ಕನ್ನಡದ ಒಪ್ಪಿಗೆ ಪತ್ರವನ್ನು ಸಾಲು ಸಾಲಾಗಿ ಓದಿ ಹೇಳಿದರು. ‘ಎಲ್ಲಿ ಸಹಿ ಹಾಕಬೇಕಮ್ಮಾ?’ ಎಂದೆ.